ಮೃಚ್ಛಕಟಿಕದ ವ್ಯವಹಾರಾಂಕ

ಶೂದ್ರಕನ ‘ಮೃಚ್ಛಕಟಿಕ’ದ ಒಂಬತ್ತನೆಯ ಅಂಕದಲ್ಲಿ ಚಾರುದತ್ತನ ಮೌನವನ್ನು ಔದಾತ್ತ್ಯವೆಂದು ಬಗೆಯುವುದುಂಟು. ನಮಗೆ ಅಷ್ಟರಿಂದ ಸಮಾಧಾನವಾಗದು. ವಸಂತಸೇನೆಯನ್ನು ಧನಲೋಭದಿಂದ ಕೊಂದನೆಂಬ ಆರೋಪಕ್ಕೆ ಅವನ ಬಡತನವೇ ಆಧಾರ; ಅವನ ಪರವಾಗಿ ವಾದಿಸುವವರಾದರೋ ಯಾರೂ ಇಲ್ಲ. (1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ ಸೇರಿದ 39-ಎ ವಿಧಿಯು ತುಂಬಹೊರಟದ್ದು ಇಂಥ ಕೊರತೆಯನ್ನೇ.) ಕೊಂದವನು ತಾನಲ್ಲವೆಂದು ಶಕಾರನು ಬಾಯಿತಪ್ಪಿ ಆಡಿದ್ದನ್ನು ಅಧಿಕರಣಿಕನು ಬರೆಯಿಸುತ್ತಾನೆ, ಶಕಾರನು ಅದನ್ನು ಕಾಲಿನಿಂದ ಒರಸಿಹಾಕುತ್ತಾನೆ, ಮುಂದೆ ಅದನ್ನು ಎತ್ತಿ ಹಿಡಿಯುವವರಿಲ್ಲ. ಮೈತ್ರೇಯನ ಕಂಕುಳಿಂದ ಒಡವೆಗಳು ಉದುರಿದಾಗ, ಅವು ವಸಂತಸೇನೆಯವೆಂದು ಚಾರುದತ್ತನು ಒಪ್ಪುತ್ತಾನೆಯೇ ಹೊರತು, ಮಗು ರೋಹಸೇನನ ಚಿನ್ನದ ಬಂಡಿಗೆಂದು ಆಕೆಯೇ ಅವನ್ನು ಕೊಟ್ಟಳೆಂಬುದನ್ನು ಹೇಳುವುದಿಲ್ಲ. ನಾಟಕಕ್ಕೆ ಹೆಸರಿತ್ತ ಪ್ರಸಂಗವೇ ನ್ಯಾಯಸಭೆಯ ಕಿವಿಗೆ ಬೀಳದು. ಅಧಿಕರಣಿಕನು ಮನುವನ್ನು ನೆನೆದು ಗಡಿಪಾರನ್ನು ಸೂಚಿಸುತ್ತಾನೆ. ಪಾಲಕರಾಜನು ಮರಣದಂಡನೆಯನ್ನೇ ವಿಧಿಸುತ್ತಾನೆ.