ಪಹಣಿಯ ಮೇಲೆ ಬೆಳೆದ ಭೂಮಿ

ಸಾದಲಿ ಹೋಬಳಿಯ ರೈತ ನಾಡಕಚೇರಿಯಲ್ಲಿ ಪಡೆಯುವ ಪಹಣಿಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಸರ್ವೆ ನಂಬರು, ಎಕರೆ-ಗುಂಟೆ, ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರು, ಹನ್ನೊಂದರಲ್ಲಿ ಸಾಲ ಮತ್ತಿತರ ಋಣ, ಹನ್ನೆರಡರಲ್ಲಿ ಬೆಳೆ. ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದಿಡುತ್ತಿದ್ದ ಪುಸ್ತಕದ ನಮೂನೆಯೇ ಇದು. 2000ದ ಸುಮಾರಿಗೆ ಶುರುವಾದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಕಾಗದದ ಸ್ವರೂಪವನ್ನು ಕೆಡವಲಿಲ್ಲ. ನನ್ನ ಮೆಚ್ಚುಗೆ ಮುಖ್ಯವಾಗಿ ಅದಕ್ಕೇ. ರೈತನಿಗೆ ಕಾಲಂಗಳ ಸಂಖ್ಯೆ ಬಾಯಿಪಾಠವಾಗಿತ್ತು. ಆ ತಿಳಿವಳಿಕೆಯನ್ನು ಹೊಸ ವ್ಯವಸ್ಥೆ ಬಂಡವಾಳ ಮಾಡಿಕೊಂಡಿತು. ಬೇರು ಗಟ್ಟಿಯಿದ್ದುದರಿಂದಲೇ ಮುಂದೆ ನೋಂದಣಿಯ ‘ಕಾವೇರಿ’, ಅಳತೆಯ ‘ಮೋಜಿಣಿ’, ರೈತರ ನೋಂದಣಿಯ ‘ಫ್ರೂಟ್ಸ್’ ಎಲ್ಲವೂ ಅದೇ ಸರ್ವೆ ನಂಬರಿಗೆ ಟಿಸಿಲೊಡೆದವು. ಯಾರೂ ಒಂದೇ ದಿನ ಕೂತು ಇಷ್ಟನ್ನೂ ನಕ್ಷೆ ಹಾಕಿದ್ದಲ್ಲ.

ಹಳೆಯ ತಪ್ಪುಗಳೂ ಹಾಗೇ ಒಳಗೆ ಬಂದವಲ್ಲ ಎಂಬ ಆಕ್ಷೇಪ ನಿಜ. ತೀರಿಹೋದ ಅಜ್ಜನ ಹೆಸರು, ತಪ್ಪಿದ ಗುಂಟೆ ಲೆಕ್ಕ ಕಂಪ್ಯೂಟರಿನಲ್ಲೂ ಉಳಿದವು. ತಿದ್ದುಪಡಿಗೆ ಅಲೆದಾಟವೂ ಉಳಿಯಿತು. ಆದರೆ ಎಲ್ಲ ಶುದ್ಧವಾಗಲಿ ಎಂದು ಕಾದಿದ್ದರೆ ಕೆಲಸವೇ ಆರಂಭವಾಗುತ್ತಿರಲಿಲ್ಲ. ಲೆಕ್ಕಿಗರ ಚೀಲದಲ್ಲಿದ್ದ ತಪ್ಪು ಅವರಿಗಷ್ಟೇ ಗೊತ್ತಿತ್ತು; ಈಗ ಹಿಪ್ಪುನೇರಳೆ ತೋಟದ ಒಡೆಯನೇ ಅದನ್ನು ಓದಿ ಜಗಳಕ್ಕೆ ನಿಲ್ಲಬಲ್ಲ. ನಿಮ್ಮ ಪಹಣಿಯನ್ನೂ ಒಮ್ಮೆ ತೆಗೆಸಿ, ಒಂಬತ್ತನೇ ಕಾಲಂ ಓದಿ ನೋಡಿ.