ಅಗ್ಗದ ರೆಕ್ಕೆಯ ಲೆಕ್ಕ

ಸಣ್ಣ ಗ್ಲೈಡಿಂಗ್ ಕ್ಲಬ್‌ಗಳಿಗೆ ಚೆಕೊಸ್ಲೊವಾಕಿಯಾದ ಬ್ಲಾನಿಕ್ ಎಲ್-13ರಷ್ಟು ಉಪಕಾರ ಮಾಡಿದ ಯಂತ್ರ ಇನ್ನೊಂದಿರಲಾರದು. ಅವಕ್ಕೆ ಬಿದ್ದ ದೊಡ್ಡ ಪೆಟ್ಟೂ ಅದರಿಂದಲೇ.

1956ರಲ್ಲಿ ಮೊದಲು ಹಾರಿದ ಈ ಎರಡಾಸನದ ಗ್ಲೈಡರ್ ಎರಡೂವರೆ ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಮರದ ಗ್ಲೈಡರ್ ಆದರೆ ತೇವ ತಾಗೀತು, ಅಂಟು ಬಿಟ್ಟೀತು ಎಂಬ ಭಯ. ಇದು ರಿವೆಟ್ ಹೊಡೆದ ಅಲ್ಯುಮಿನಿಯಂ ತಗಡಿನದು; ಹ್ಯಾಂಗರಿಗೆ ಗತಿಯಿಲ್ಲದ ಕ್ಲಬ್ ಬಯಲಲ್ಲೇ ಕಟ್ಟಿಹಾಕಿದರೂ ತಡೆದುಕೊಳ್ಳುತ್ತಿತ್ತು. ನಿಶ್ಚಲ ಗಾಳಿಯಲ್ಲಿ ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು 28 ಕಿಲೋಮೀಟರ್ ಜಾರುತ್ತಿತ್ತು. ಕಲಿಯುವವರಿಗೆ ಅಷ್ಟು ಧಾರಾಳ ಸಾಕು.

ಗ್ಲೈಡರ್ ಅಗ್ಗಕ್ಕೆ ಸಿಕ್ಕಿತೆನ್ನೋಣ. ಅದನ್ನು ಮೇಲೇರಿಸುವ ಖರ್ಚು ಪ್ರತಿ ಸಲವೂ ಇದ್ದದ್ದೇ. ಎಳೆದೊಯ್ಯಲು ವಿಮಾನವಿದ್ದರೆ ಪೆಟ್ರೋಲು, ಪೈಲಟ್, ಇಂಜಿನ್ ಓವರ್‌ಹಾಲ್ ಎಲ್ಲವೂ ತಲೆಗೆ ಬರುತ್ತವೆ. ನೆಲದ ಮೇಲಿಂದ ಕೇಬಲ್ ಸುತ್ತಿ ಗ್ಲೈಡರನ್ನು ಎಳೆದೇರಿಸುವ ಯಂತ್ರವಾದ ವಿಂಚ್‌ಗೆ ಇಂಧನ ಕಡಿಮೆ, ಜನ ಹೆಚ್ಚು. ಒಬ್ಬ ವಿಂಚ್ ನಡೆಸುತ್ತಾನೆ, ಇನ್ನೊಬ್ಬಳು ಸಿಗ್ನಲ್ ಕೊಡುತ್ತಾಳೆ. ಹುಲ್ಲಿನಲ್ಲಿ ಸಡಿಲವಾಗಿ ಬಿದ್ದ ಕೇಬಲ್ ಬಿಗಿಯಾಗುತ್ತಿದ್ದಂತೆ ಮತ್ತೊಬ್ಬ ರೆಕ್ಕೆಯ ತುದಿ ಹಿಡಿದು ನಾಲ್ಕು ಹೆಜ್ಜೆ ಓಡಿ ಕೈಬಿಡುತ್ತಾನೆ. ಯಾರಿಗೂ ಸಂಬಳವಿಲ್ಲ, ಎಲ್ಲರೂ ತಮ್ಮ ಸರದಿಗೆ ಕಾಯುವ ಸದಸ್ಯರೇ. ಹಾರಾಟದ ಶುಲ್ಕ ಕೈಗೆಟಕುವುದು ಈ ಬಿಟ್ಟಿ ದುಡಿಮೆಯಿಂದ. ಇದು ನಿಜಕ್ಕೂ ಮೆಚ್ಚಬೇಕಾದ ಪದ್ಧತಿ.

ನನ್ನ ತಕರಾರು ಇರುವುದು ಶುಲ್ಕದಲ್ಲಿ ಸೇರದ ಇನ್ನೊಂದು ಬಾಬಿನ ಬಗ್ಗೆ: ರೆಕ್ಕೆಯ ಆಯಸ್ಸು. 2010ರ ಜೂನ್‌ನಲ್ಲಿ ಆಸ್ಟ್ರಿಯಾದಲ್ಲಿ ಒಂದು ಬ್ಲಾನಿಕ್‌ನ ರೆಕ್ಕೆ ಹಾರಾಟದಲ್ಲೇ ಮುರಿಯಿತು. ಒಳಗಿದ್ದ ಇಬ್ಬರೂ ಸತ್ತರು. ರೆಕ್ಕೆಯ ಭಾರ ಹೊರುವ ಮುಖ್ಯ ತೊಲೆಯ ಲೋಹ ದಣಿದಿತ್ತು. ಅದೇ ವರ್ಷ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಎಲ್-13ಗಳನ್ನು ನೆಲಕ್ಕಿಳಿಸಿತು. ಲೋಹದ ದಣಿವಿಗೆ ಗಂಟೆಗಳಷ್ಟೇ ಲೆಕ್ಕವಲ್ಲ. ಒಬ್ಬರೇ ಹಾರಿದ್ದೆಷ್ಟು, ಇಬ್ಬರು ಕೂತದ್ದೆಷ್ಟು, ಪಲ್ಟಿ ಹೊಡೆಸಿದ್ದೆಷ್ಟು ಎಂಬುದೆಲ್ಲ ಸೇರುತ್ತದೆ. ನಾಲ್ಕು ಕ್ಲಬ್‌ಗಳ ಕೈ ದಾಟಿ ಬಂದ ಗ್ಲೈಡರಿನ ಲಾಗ್‌ಬುಕ್‌ನಲ್ಲಿ ಇಷ್ಟನ್ನು ಹುಡುಕುವುದೆಲ್ಲಿಂದ?

ಮುಂದೆ ತೊಲೆಯನ್ನು ಬಲಪಡಿಸುವ ವಿಧಾನಗಳಿಗೆ ಅನುಮತಿ ಸಿಕ್ಕಿತು. ಆದರೆ ಕೂಡಿಟ್ಟ ನಿಧಿಯೇ ಇಲ್ಲದ ಕ್ಲಬ್‌ಗೆ ಅನುಮತಿಯಿಂದೇನು? ಬದಲಿಗೆ ಹೊಸ ಎಎಸ್‌ಕೆ 21 ಕೊಳ್ಳೋಣವೆಂದರೆ ಜರ್ಮನಿಯ ಆ ಫೈಬರ್‌ಗ್ಲಾಸ್ ಗ್ಲೈಡರಿನ ಬೆಲೆ ಹಳೆಯ ಬ್ಲಾನಿಕ್‌ನ ಹಲವು ಪಟ್ಟು. ವಿಮೆಯ ಕಂತೂ ಅದಕ್ಕೆ ತಕ್ಕ ಹಾಗೆ ಏರುತ್ತದೆ.

ಪ್ರತಿ ಹಾರಾಟದ ಶುಲ್ಕದಲ್ಲೂ ರೆಕ್ಕೆಯ ಪಾಲು ಕೂಡಿಸಿಡಿ ಎಂದರೆ ಖಜಾಂಚಿ ಒಪ್ಪಿಯಾನು, ಸಭೆ ಒಪ್ಪುವುದಿಲ್ಲ. ಕಾಲೇಜು ಹುಡುಗರು ಬರುವುದು ನಿಂತೀತು ಎಂಬ ಅದರ ಆತಂಕವೂ ಸುಳ್ಳಲ್ಲ. ಹಾಗಾಗಿ ಅಕ್ಕಪಕ್ಕದ ಎರಡು ಕ್ಲಬ್‌ಗಳು ಸೇರಿ ಒಂದೇ ಎರಡಾಸನದ ಗ್ಲೈಡರ್ ಇಟ್ಟುಕೊಳ್ಳುವುದೇ ನನಗೆ ಹೆಚ್ಚು ಸರಿ ಕಾಣುತ್ತದೆ. ಬಿಸಿಲು ಚೆನ್ನಾಗಿ ಕಾದ ಭಾನುವಾರ ಯಾರ ಪಾಲಿಗೆ ಎಂದು ಜಗಳವಂತೂ ಆಗುತ್ತದೆ, ಆಗಲಿ.