ಟುಗೆಲಾ ಫೆರಿಯ ಕ್ಷಯ: ತಡವಾಗಿ ಓದಿದ ವಂಶಾವಳಿ

ಔಷಧಕ್ಕೆ ಬಗ್ಗದ ಕ್ಷಯ ರೋಗಿಗೆ ಎರಡು ಬಗೆಯಲ್ಲಿ ಬರುತ್ತದೆ. ಚಿಕಿತ್ಸೆ ಅರ್ಧಕ್ಕೆ ನಿಂತಾಗ ಅವನ ದೇಹದಲ್ಲೇ ರೋಗಾಣು ನಿರೋಧಕವಾಗಿ ಮಾರ್ಪಡಬಹುದು. ಇಲ್ಲವೇ ಆಗಲೇ ಮಾರ್ಪಟ್ಟ ರೋಗಾಣು ಬೇರೊಬ್ಬರ ಕೆಮ್ಮಿನಿಂದ ಅಂಟಬಹುದು. ಯಾವುದು ನಡೆದಿದೆ ಎಂದು ತಿಳಿಯಲು ರೋಗಾಣುವಿನ ತಳಿಗುರುತು ಬೇಕು.

ಇದರ ಬೆಲೆ ಚೆನ್ನಾಗಿ ಕಂಡದ್ದು ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಟುಗೆಲಾ ಫೆರಿಯಲ್ಲಿ. ಅಲ್ಲಿ 2005-06ರಲ್ಲಿ ತೀವ್ರ ನಿರೋಧಕ ಕ್ಷಯ ಪತ್ತೆಯಾದ 53 ಮಂದಿಯಲ್ಲಿ 52 ಮಂದಿ ಸತ್ತರು, ಹೆಚ್ಚಿನವರು ಕೆಲವೇ ವಾರಗಳಲ್ಲಿ. ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸಿ ಔಷಧ ಪರೀಕ್ಷೆ ಮುಗಿಸುವಷ್ಟು ಕಾಲವೂ ಹಲವರಿಗೆ ದಕ್ಕಲಿಲ್ಲ. ತಳಿಗುರುತು ನೋಡಿದ 46 ಮಾದರಿಗಳಲ್ಲಿ 39 ಒಂದೇ ಬಗೆಯವು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಿಂದೆಂದೂ ಕ್ಷಯದ ಮಾತ್ರೆ ನುಂಗಿದವರಲ್ಲ, ಆದರೆ ಬಹುಪಾಲು ಜನ ಸ್ವಲ್ಪ ಹಿಂದೆ ಆಸ್ಪತ್ರೆಯಲ್ಲಿ ಮಲಗಿ ಬಂದವರು. ಮಾತ್ರೆ ಬಿಟ್ಟವರೆಂಬ ಆರೋಪ ರೋಗಿಗಳ ತಲೆಯಿಂದ ಇಳಿದು, ಪ್ರಶ್ನೆ ವಾರ್ಡಿನ ಗಾಳಿಯ ಕಡೆಗೆ ತಿರುಗಿತು. ತಳಿಗುರುತಿನ ವಿಧಾನ ಮಾಡಿರುವ ಅತ್ಯಂತ ನ್ಯಾಯದ ಕೆಲಸ ಇದೇ.

ಆದರೆ ಹಳೆಯ ತಳಿಗುರುತಿನ ನೋಟ ಕಿರಿದು. ಅದರ ಒಂದು ವಿಧಾನವಾದ ಸ್ಪಾಲಿಗೊಟೈಪಿಂಗ್ ಪರಿಶೀಲಿಸುವುದು 43 ತುಣುಕುಗಳನ್ನು. ರೋಗಾಣುವಿನ ಜೀನೋಮಿನಲ್ಲಿರುವುದು ಸುಮಾರು 44 ಲಕ್ಷ ಅಕ್ಷರಗಳು. ದಶಕಗಳ ಹಿಂದೆಯೇ ಕವಲೊಡೆದ ರೋಗಾಣುಗಳೂ ಸ್ಪಾಲಿಗೊಟೈಪಿಂಗ್‌ನಲ್ಲಿ ಒಂದೇ ಎಂದು ಕಾಣಬಹುದು. ಪೂರ್ಣ ಜೀನೋಮ್ ಓದಿದರೆ ಲೆಕ್ಕ ಬಿಗಿಯಾಗುತ್ತದೆ: ಎರಡು ಮಾದರಿಗಳ ನಡುವೆ ಐದು ಅಕ್ಷರಗಳೊಳಗಿನ ವ್ಯತ್ಯಾಸ ಇತ್ತೀಚಿನ ಹರಡುವಿಕೆಯನ್ನು ಸೂಚಿಸುತ್ತದೆ, ಹನ್ನೆರಡು ಮೀರಿದರೆ ಆ ಸಾಧ್ಯತೆ ಕಡಿಮೆ. 2015ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವು ಟುಗೆಲಾ ಫೆರಿಯ ತಳಿ ಕ್ಷಯದ ಔಷಧ ಐಸೋನಿಯಾಜಿಡ್‌ಗೆ 1950ರ ದಶಕದಲ್ಲೇ ನಿರೋಧಕವಾಗಿತ್ತೆಂದೂ 1990ರ ದಶಕದ ನಡುವಿಗೆ ತೀವ್ರ ನಿರೋಧಕವಾಗಿತ್ತೆಂದೂ ಅಂದಾಜಿಸಿತು. ಅಂದರೆ ಸುಮಾರು ಹತ್ತು ವರ್ಷ ಅದು ಯಾರ ಕಣ್ಣಿಗೂ ಬೀಳದೆ ಹರಡಿತ್ತು. ಇಷ್ಟು ತಡವಾಗಿ ಸಿಕ್ಕ ಅರಿವನ್ನು ಕಣ್ಗಾವಲು ಎನ್ನಲಾಗದು.

ಬೇಗ ಫಲಿತಾಂಶ ಕೊಡುವ ಎಕ್ಸ್‌ಪರ್ಟ್ ಯಂತ್ರ ರೋಗಾಣು ಬೆಳೆಸಿ ಪರೀಕ್ಷಿಸುವ ವಿಳಂಬವನ್ನು ಎರಡು ಗಂಟೆಗೆ ಇಳಿಸಿತು, ನಿಜ. ಅದು ಆರ್‌ಪಿಒಬಿ ಜೀನಿನ 81 ಅಕ್ಷರಗಳಲ್ಲಿ ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಇರುವ ನಿರೋಧವನ್ನು ಹುಡುಕುತ್ತದೆ. ಎಸ್ವಾಟಿನಿ ದೇಶದ 2009ರ ಸಮೀಕ್ಷೆಯ ಬಹುಔಷಧ ನಿರೋಧಕ ಮಾದರಿಗಳಲ್ಲಿ ಶೇ 30ರಷ್ಟರಲ್ಲಿ ಮಾರ್ಪಾಡು ಇದ್ದದ್ದು ಆ ತುಣುಕಿನ ಹೊರಗೆ, 491ನೇ ಸ್ಥಾನದಲ್ಲಿ. ಅಂಥ ರೋಗಿಗೆ ಯಂತ್ರ ನಿರೋಧವಿಲ್ಲವೆಂಬ ವರದಿ ಕೊಡುತ್ತದೆ. ನಾಟದ ರಿಫಾಂಪಿಸಿನ್ ತಿಂಗಳುಗಟ್ಟಲೆ ನಡೆಯುತ್ತದೆ, ರೋಗ ಮನೆಯವರಿಗೂ ಅಂಟುತ್ತದೆ. ಯಂತ್ರದ ವರದಿಗಳನ್ನಷ್ಟೇ ಎಣಿಸುವ ವ್ಯವಸ್ಥೆಗೆ ಈ ತಳಿಯ ಸುಳಿವೂ ಸಿಗದು. ಆದ್ದರಿಂದ ನಿರೋಧವಿಲ್ಲವೆಂದು ಬಂದ ಮಾದರಿಗಳಲ್ಲೂ ಒಂದು ಪಾಲಿನ ಜೀನೋಮನ್ನು ನಿಯತವಾಗಿ ಓದಲೇಬೇಕು. ಜೀನೋಮ್ ಓದಿದಾಗಲೇ, ಎಸ್ವಾಟಿನಿಯ ಈ ತಳಿಯಲ್ಲಿ ಹೊಸ ಔಷಧ ಬೆಡಾಕ್ವಿಲಿನ್‌ಗೂ ಪ್ರತಿರೋಧ ಹೆಚ್ಚಿರುವುದು, ಅದೂ ಆ ಔಷಧ ಬಳಕೆಗೆ ಬರುವ ಮುಂಚಿನಿಂದಲೇ, ಪತ್ತೆಯಾಯಿತು.